ಮಿದುಳಿನ ಚಿತ್ರವೂ ಅಂಕಿಗಳ ಪರೀಕ್ಷೆಯೂ

ತಲೆಬುರುಡೆಯನ್ನು ತೆರೆಯದೆ, ಸೂಜಿಯನ್ನೂ ಚುಚ್ಚದೆ, ದುಡಿಯುತ್ತಿರುವ ಮಿದುಳನ್ನು ಕಾಣುವ ದಾರಿಯೊಂದನ್ನು 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿ ವಿಜ್ಞಾನಿ ಸೇಜಿ ಒಗಾವ ಅವರು ತೋರಿಸಿಕೊಟ್ಟರು. ಆಮ್ಲಜನಕವನ್ನು ಹೊತ್ತ ರಕ್ತವೂ ಅದನ್ನು ಬಿಟ್ಟುಕೊಟ್ಟ ರಕ್ತವೂ ಕಾಂತಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಮಿದುಳಿನ ಯಾವ ಭಾಗ ಕಾರ್ಯನಿರತವಾಗುವುದೋ ಅಲ್ಲಿಗೆ ಹೊಸ ರಕ್ತ ಹೆಚ್ಚಾಗಿ ಹರಿದುಬರುತ್ತದೆ. ಈ ಅತ್ಯಲ್ಪ ವ್ಯತ್ಯಾಸವನ್ನೇ ಎಂ.ಆರ್.ಐ. ಯಂತ್ರ ಅಳೆಯುವುದು. ಆದುದರಿಂದ ಪತ್ರಿಕೆಗಳಲ್ಲಿ ಅಚ್ಚಾಗುವ ಕೆಂಪು, ಹಳದಿ ಬಣ್ಣದ ಮಿದುಳಿನ ಪಟಗಳು ಆಲೋಚನೆಯ ಛಾಯಾಚಿತ್ರಗಳಲ್ಲ. ನರಕೋಶಗಳು ಚುರುಕಾದ ಐದಾರು ಸೆಕೆಂಡುಗಳ ತರುವಾಯ ಏರುವ ರಕ್ತಪ್ರವಾಹವನ್ನು ಅಳೆದು, ಗಣಕಯಂತ್ರದಲ್ಲಿ ಲೆಕ್ಕ ಹಾಕಿ, ಆಮೇಲೆ ಹಚ್ಚಿದ ಬಣ್ಣವದು.

ಈ ಕ್ಷೇತ್ರಕ್ಕೆ ಕಾಲಿಡುವ ಸಂಶೋಧನಾ ವಿದ್ಯಾರ್ಥಿಗೆ ನಿಜವಾದ ಕಷ್ಟ ಎದುರಾಗುವುದು ಈ ಲೆಕ್ಕದಲ್ಲಿಯೇ. ಯಂತ್ರವು ಮಿದುಳನ್ನು ಕೆಲವೇ ಮಿಲಿಮೀಟರ್ ಅಳತೆಯ ಅಸಂಖ್ಯ ಘನಗಳಾಗಿ ವಿಭಾಗಿಸಿ ಒಂದೊಂದನ್ನೂ ಮತ್ತೆ ಮತ್ತೆ ಅಳೆಯುತ್ತದೆ. ಸಾವಿರಕ್ಕೊಮ್ಮೆ ಮಾತ್ರ ಆಕಸ್ಮಿಕವಾಗಿ ಒದಗುವಂಥ ಏರಿಳಿತವನ್ನು ನಿಜವೆಂದು ಒಪ್ಪಿಕೊಳ್ಳುವುದಾದರೆ, ಒಂದು ಲಕ್ಷ ಘನಗಳಲ್ಲಿ ಏನೂ ನಡೆಯದಿದ್ದಾಗಲೂ ಸುಮಾರು ನೂರು ಘನಗಳು ಬೆಳಗಿದಂತೆ ತೋರುತ್ತವೆ. ಪ್ರೌಢಶಾಲೆಯ ಸಂಭವನೀಯತೆಯ ಪಾಠ ಬಲ್ಲವರಿಗೆ ಇದು ಹೊಸತಲ್ಲ. ಆದರೂ ಪಂಡಿತರು ಇದನ್ನು ಮರೆತದ್ದುಂಟು.

ಅದನ್ನು ನೆನಪಿಸಲೆಂದೇ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಒಂದು ವಿಚಿತ್ರ ಪ್ರಯೋಗವನ್ನು ವಿದ್ವಾಂಸರ ಮುಂದಿಟ್ಟರು. ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗೆ ಮಲಗಿಸಿ, ಮನುಷ್ಯರ ಚಿತ್ರಗಳನ್ನು ತೋರಿಸಿ, ಚಿತ್ರದಲ್ಲಿರುವವರ ಮನೋಭಾವವೇನೆಂದು ಅದನ್ನು ಕೇಳಲಾಯಿತು! ಪರೀಕ್ಷಿಸಿದ 8,064 ಘನಗಳಲ್ಲಿ 16 ಘನಗಳು 'ಉತ್ತರ' ಕೊಟ್ಟವು. ಇಷ್ಟೊಂದು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದುದಕ್ಕೆ ತಕ್ಕ ತಿದ್ದುಪಡಿಯನ್ನು ಲೆಕ್ಕದಲ್ಲಿ ಸೇರಿಸಿದೊಡನೆ ಒಂದೂ ಉಳಿಯಲಿಲ್ಲ. ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿಯೂ ಬಂದಿತು.

ಹಾಗೆಂದು ಜರಡಿಯ ಕಣ್ಣನ್ನು ಎಷ್ಟು ಬೇಕಾದರೂ ಕಿರಿದು ಮಾಡಬಹುದೆಂದಲ್ಲ. ಮಿದುಳಿನ ಗಡ್ಡೆಯನ್ನು ತೆಗೆಯಹೊರಟ ಶಸ್ತ್ರವೈದ್ಯರು ರೋಗಿಯ ಮಾತಿನ ಕೇಂದ್ರ ಎಲ್ಲಿದೆಯೆಂದು ಇದೇ ಚಿತ್ರದಲ್ಲಿ ಹುಡುಕುವುದುಂಟು. ಅಲ್ಲಿ ಇಲ್ಲದುದನ್ನು ಇದೆ ಎಂದರೆ ತೆಗೆಯಬಹುದಾಗಿದ್ದ ಗಡ್ಡೆ ಉಳಿದೀತು. ಇರುವುದನ್ನು ಇಲ್ಲವೆಂದರೆ ರೋಗಿಯ ಮಾತೇ ಹೋದೀತು. ಎರಡನೆಯದು ಹೆಚ್ಚು ಘೋರವೆಂಬುದರಲ್ಲಿ ಸಂದೇಹವಿಲ್ಲ.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಊಹೆಗಳನ್ನು ಪರೀಕ್ಷಿಸಲು ಹೇಳಲಾಗಿತ್ತು. ಯಾವ ಎರಡು ತಂಡಗಳೂ ಒಂದೇ ಕ್ರಮವನ್ನು ಅನುಸರಿಸಲಿಲ್ಲ; ಹಲವು ಊಹೆಗಳ ವಿಷಯದಲ್ಲಿ ತೀರ್ಮಾನಗಳೂ ಬೇರೆಯಾದವು. ಲೆಕ್ಕದ ಕ್ರಮವನ್ನು ಅಳತೆಗೆ ಮುಂಚೆಯೇ ಬರೆದಿಡುವ, ಅಳತೆಗಳನ್ನು ಇತರರ ಪರಿಶೀಲನೆಗೆ ತೆರೆದಿಡುವ ಪದ್ಧತಿ ಈಗ ಈ ಶಾಸ್ತ್ರದಲ್ಲಿ ಬೆಳೆಯುತ್ತಿದೆ.