ಹುಣಸೆಹಣ್ಣು ಮಾರಲು ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಬೆಂಗಳೂರಿನ ಕೆಲಸ ಬಿಟ್ಟು ಕೊಳಾಲಕ್ಕೆ ಬಂದು, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹುಣಸೆಹಣ್ಣು, ಕಡಲೆಕಾಯಿ, ರಾಗಿ ಮಾರಿದರೆ ಹೊಟ್ಟೆ ತುಂಬುತ್ತದಾ ಎಂದು ಕೇಳಿದ್ದೀಯ. ತುಂಬುತ್ತದೆ. ಆದರೆ ಮೊದಲನೇ ವರ್ಷವೇ ತುಂಬುವುದಿಲ್ಲ, ಅದಕ್ಕೇ ಸಂಬಳ ಈಗಲೇ ಬಿಡಬೇಡ. ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಇದೇ ಯೋಚನೆಯಲ್ಲಿದ್ದಾರೆ. ಹಾಗಾಗಿ ಈ ಉತ್ತರ ಅವರಿಗೂ ಇರಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಾನು ತಕ್ಕಡಿ ಹಿಡಿದು ಬದುಕಿದವನು. ಮಾರುವ ಜಾಗ ಬದಲಾಗಿದೆ, ಕೊಳ್ಳುವವರ ಮನಸ್ಸು ಅಷ್ಟೊಂದು ಬದಲಾಗಿಲ್ಲ.

ನಮ್ಮ ಸೀಮೆಯಲ್ಲಿ ಸರಕಿಗೆ ಯಾವತ್ತೂ ಬರವಿರಲಿಲ್ಲ. ಕೊರಟಗೆರೆ, ಮಧುಗಿರಿ ಕಡೆಯ ಹುಣಸೆ, ಶಿರಾ, ಪಾವಗಡದ ಕಡಲೆಕಾಯಿ, ಮಳೆ ಕೈಕೊಟ್ಟರೂ ಒಂದಿಷ್ಟಾದರೂ ಕೈಗೆ ಬರುವ ರಾಗಿ. ಬರವಿದ್ದದ್ದು ಬೆಲೆ ಹೇಳುವ ಬಾಯಿಗೆ. ಮೂಟೆ ತುಮಕೂರಿನ ಮಂಡಿಗೆ ಹೋದ ಮೇಲೆ ಅದು ಯಾರ ಅಡುಗೆಮನೆ ಸೇರಿತು ಎಂಬುದು ಬೆಳೆದವನಿಗೆ ತಿಳಿಯುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಮನೆಯ ಜಗಲಿಯಲ್ಲಿ ಕೂತು ದಾವಣಗೆರೆಯವರಿಂದಲೋ ಮುಂಬೈಯಲ್ಲಿರುವ ನಮ್ಮವರಿಂದಲೋ ನೇರವಾಗಿ ದುಡ್ಡು ಪಡೆಯುವ ದಾರಿ ಅಲ್ಲಿಂದ ತೆರೆಯಿತು. ಇದು ಸಣ್ಣ ಮಾತಲ್ಲ. ನಿನ್ನ ಉತ್ಸಾಹ ನನಗೆ ಅರ್ಥವಾಗುತ್ತದೆ.

ಆದರೆ 'ಕೂತಲ್ಲೇ ತಿಂಗಳಿಗೆ ಲಕ್ಷ' ಎಂದು ಕಲಿಸುವ ಕೋರ್ಸಿಗೆ ದುಡ್ಡು ಕಟ್ಟಲು ಹೊರಟಿದ್ದೀಯಂತೆ. ಕಟ್ಟಬೇಡ. ಆ ಮಾಸ್ತರರನ್ನು ಒಂದೇ ಮಾತು ಕೇಳು: ಅವರ ಗಳಿಕೆ ಸರಕು ಮಾರಿ ಬಂದದ್ದೋ, ಕೋರ್ಸು ಮಾರಿ ಬಂದದ್ದೋ? ಜಾಹೀರಾತು ಹಾಕುವುದು, ಫೋಟೋ ತೆಗೆಯುವುದು, ಪುಟ್ಟ ವೆಬ್‌ಸೈಟ್ ಕಟ್ಟುವುದು ಎಲ್ಲವನ್ನೂ ಖರ್ಚಿಲ್ಲದೆ ಕಲಿಯಬಹುದು. ಕೋರ್ಸಿನಲ್ಲಿ ಸಿಗದ ವಿದ್ಯೆ ಲೆಕ್ಕ.

ಆ ಲೆಕ್ಕವನ್ನು ಇಲ್ಲೇ ಹಾಕೋಣ. ಅರ್ಧ ಕೆಜಿ ಹುಣಸೆಹಣ್ಣಿಗೆ 150 ರೂಪಾಯಿ ಇಟ್ಟೆ ಅಂತಿಟ್ಟುಕೋ. ಹಣ್ಣು, ಬಿಡಿಸಿದ ಕೂಲಿ ಸೇರಿ 80. ಪೊಟ್ಟಣ, ಲೇಬಲ್ಲು 12. ಕೊರಿಯರ್ 45. ಉಳಿದದ್ದು 13. ಆ ಒಂದು ಆರ್ಡರ್ ತರಲು ಫೇಸ್‌ಬುಕ್ ಜಾಹೀರಾತಿಗೆ 40 ಹೋಗಿದ್ದರೆ, ಮಾರಿದ ಖುಷಿಯ ಜೊತೆಗೆ ನಿನಗೆ 27 ರೂಪಾಯಿ ನಷ್ಟ. ಇನ್ನು ಕ್ಯಾಶ್ ಆನ್ ಡೆಲಿವರಿ ಅಂದೆಯೋ, ಬಾಗಿಲಲ್ಲಿ 'ಬೇಡ' ಅಂದವರ ಪಾರ್ಸಲ್ಲು ವಾಪಸ್ ಬರುವ ಬಾಡಿಗೆಯೂ ನಿನ್ನ ತಲೆಗೇ. ಅದೇ ಮನೆಯವರು ಎರಡನೇ ಸಲ ತಾವಾಗಿಯೇ ವಾಟ್ಸಾಪ್ ಮಾಡಿ ಎರಡು ಕೆಜಿ ಕೇಳಿದರೋ, ಜಾಹೀರಾತಿನ ಖರ್ಚು ಇಲ್ಲ, ಕೊರಿಯರ್ ನಾಲ್ಕು ಪಟ್ಟೂ ಆಗುವುದಿಲ್ಲ. ಲಾಭ ಹುಟ್ಟುವುದು ಅಲ್ಲಿ. ಹಾಲಿನವರಿಗೆ ವರ್ತನೆಯ ಮನೆಗಳಿರುತ್ತಿದ್ದವಲ್ಲ, ನಿನಗೆ ಬೇಕಾದದ್ದು ಅಂಥ ಮನೆಗಳು. ಹತ್ತು ಸಾವಿರ ಫಾಲೋವರ್ಸಿಗಿಂತ ಇನ್ನೂರು ವರ್ತನೆ ಮನೆಗಳು ದೊಡ್ಡವು ಕಣಮ್ಮ.

ಆ ಮನೆಗಳ ಹೆಸರು, ಫೋನ್ ನಂಬರು ನಿನ್ನ ಸ್ವಂತ ಪುಸ್ತಕದಲ್ಲಿರಲಿ. ಇನ್‌ಸ್ಟಾಗ್ರಾಮ್ ಆಗಲಿ ಅಮೆಜಾನ್ ಆಗಲಿ ಬಾಡಿಗೆ ಮಳಿಗೆ ಇದ್ದ ಹಾಗೆ, ಬೀಗದ ಕೈ ಮಾಲೀಕನ ಹತ್ತಿರವೇ ಇರುತ್ತದೆ. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನಂಬಿ ಹೆಸರು ಮಾಡಿದ್ದವರ ಲಕ್ಷಾಂತರ ಅಭಿಮಾನಿಗಳು ರಾತ್ರೋರಾತ್ರಿ ಕೈತಪ್ಪಿದರು. ತಪ್ಪು ಅವರದಾಗಿರಲಿಲ್ಲ. ಮರುವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಎರಡೂ ಸುಮಾರು ಆರು ತಾಸು ನಿಂತುಹೋದವು. ಅವುಗಳಲ್ಲಿ ಮಾರು, ಧಾರಾಳವಾಗಿ ಮಾರು. ಆದರೆ ಅವು ನಾಳೆ ಇಲ್ಲವಾದರೂ ಗಿರಾಕಿಗೆ ಫೋನ್ ಮಾಡುವಂತಿರಬೇಕು.

ಜನ ಹೇಗೆ ಒಲಿಯುತ್ತಾರೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2021ರ ಕೊರೊನಾ ಹೊತ್ತಿನಲ್ಲಿ ಬಾಳೆಕಾಯಿಗೆ ಬೆಲೆಯೇ ಇಲ್ಲದಾಗ, 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಬಾಳೆಕಾಯಿ ಹಿಟ್ಟಿನ ಆಂದೋಲನಕ್ಕೆ ಚಾಲನೆ ಕೊಟ್ಟರು. ಅದು ಹರಡಿದ್ದು ವಾಟ್ಸಾಪ್ ಗುಂಪುಗಳಲ್ಲಿ. ನಮ್ಮ ತುಮಕೂರು ಜಿಲ್ಲೆಯ ಅತ್ತಿಕಟ್ಟೆಯ ಗೃಹಿಣಿಯೊಬ್ಬರು ಮೊದಮೊದಲು ಮಾಡಿ ತೋರಿಸಿದವರಲ್ಲಿ ಒಬ್ಬರು. ಕಾಯಿ ಹೆಚ್ಚಿ, ಒಣಗಿಸಿ, ಹಿಟ್ಟು ಮಾಡುವುದನ್ನು, ಅದರಲ್ಲಿ ರೊಟ್ಟಿ, ದೋಸೆ ಹೇಗೆ ಬಂತು ಎಂಬುದನ್ನು ಹೆಂಗಸರು ಒಬ್ಬರಿಗೊಬ್ಬರು ಫೋಟೋ ಕಳಿಸಿ ಹೇಳಿಕೊಂಡರು. 'ಕೊಳ್ಳಿ' ಎಂದು ಕೂಗಿದವರಿಗಿಂತ 'ಹೀಗೆ ಮಾಡಿ' ಎಂದವರೇ ಹೆಚ್ಚು. ಕಲಿತವರಲ್ಲಿ ಕೆಲವರು ಮಾರತೊಡಗಿದರು, ಉಳಿದವರು ಕೊಂಡರು. ನೀನೂ ನಿನ್ನ ಹುಣಸೆಯಲ್ಲಿ ಗೊಜ್ಜು ಕುದಿಸಿ ತೋರಿಸು, ಪುಳಿಯೋಗರೆಗೆ ಎಷ್ಟು ನೆನೆಸಬೇಕು ಎಂದು ಹೇಳು. ಆಮೇಲೆ ಬೆಲೆ ಹೇಳು.

ಹೇಳುವಾಗ ಮಾತು ಸರಕಿಗಿಂತ ಒಂದು ಗುಲಗಂಜಿಯಷ್ಟೂ ತೂಕ ಹೆಚ್ಚಬಾರದು. ಈ ಇಡೀ ಪತ್ರ ಬರೆದದ್ದೇ ಇದಕ್ಕೆ. ಹುಣಸೆಯನ್ನೇ ನೋಡು. ಬೇಸಿಗೆಯ ಹೊಸ ಹಣ್ಣು ಕೆಂಪು ಛಾಯೆಯ ತಿಳಿಗಂದು, ಬೆರಳಿಗೆ ಮೆತ್ತಗೆ ಅಂಟುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಹೊರಗಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿ ತಾಗಿ ಕಪ್ಪಾಗುತ್ತಾ ಹೋಗುತ್ತದೆ. ಏಪ್ರಿಲ್ ಫೋಟೋ ತೋರಿಸಿ ಅಕ್ಟೋಬರ್ ಹಣ್ಣು ಕಳಿಸಿದರೆ ಅದು ಮೋಸವೇ. ತಿಂಗಳು ತಿಂಗಳೂ ಹೊಸ ಫೋಟೋ ಹಾಕು. ಯಾವ ತಿಂಗಳು ಬಡಿದದ್ದು, ನಾರು ಪೂರ್ತಿ ತೆಗೆದಿದೆಯೋ ಇಲ್ಲವೋ, ಉಪ್ಪು ಬೆರೆಸಿದೆಯೋ ಬರೆ. ಕಪ್ಪು ಹಣ್ಣನ್ನೇ ಕೇಳಿ ಕೊಳ್ಳುವ ಮನೆಗಳೂ ಇವೆ, ಅವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ.

ಸಿದ್ದರಬೆಟ್ಟ ನಮಗೆ ಹತ್ತಿರ. ಅಲ್ಲಿನ ಗಿಡಮೂಲಿಕೆಗಳ ಹೆಸರು ದೊಡ್ಡದು, ಆ ಹೆಸರು ಹೇಳಿ ಪುಡಿ ಮಾರುವ ಆಸೆ ನಿನಗೂ ಬರುತ್ತದೆ. ಸಕ್ಕರೆ ಕಾಯಿಲೆ ವಾಸಿ, ಕ್ಯಾನ್ಸರ್ ವಾಸಿ ಎಂದು ಬರೆದರೆ ಆರ್ಡರುಗಳು ಸುರಿಯುತ್ತವೆ ಎಂಬುದು ನಿಜ. ಅದನ್ನು ನಂಬಿ ಯಾರೋ ಒಬ್ಬರು ಮಾತ್ರೆ ಬಿಡುತ್ತಾರೆ ಎಂಬುದೂ ನಿಜ. ಅಂಥ ಔಷಧಿ ಜಾಹೀರಾತುಗಳನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆಹಾರದ ವಿಷಯದಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 2006ರ ಕಾಯ್ದೆಯ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡವಿದೆ. ದಂಡ ಇರಲಿ ಇಲ್ಲದಿರಲಿ, ಈ ದಾರಿಗೆ ಕಾಲಿಟ್ಟರೆ ನನ್ನ ಆಶೀರ್ವಾದ ಇಲ್ಲ ಎಂದು ತಿಳಿ. ಗೆಳತಿಯರಿಂದ ಸುಳ್ಳು ರಿವ್ಯೂ ಬರೆಸುವುದೂ ಬೇಡ. ಮಾರುವವರು ತಾವೇ ಗಿರಾಕಿಯ ವೇಷದಲ್ಲಿ ಹೊಗಳಿಕೊಳ್ಳುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಆಹಾರ ಮಾರುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸು.

ಇನ್ನು ಈ ಕಸುಬಿನವರ ಜೀವ ತಿನ್ನುವುದು ಫೋನು. ಎಷ್ಟು ಜನ ನೋಡಿದರು, ಎಷ್ಟು ಲೈಕು ಎಂದು ನಡುರಾತ್ರಿ ಎದ್ದು ನೋಡುತ್ತಾರೆ. ಅಂಗಡಿಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿತ್ತು, ನಿನಗೂ ಇರಲಿ. ಒಂಬತ್ತಾದ ಮೇಲೆ ಉತ್ತರ ಬೆಳಿಗ್ಗೆ ಎಂದು ಬರೆದು ಹಾಕು. ಯಾರೋ ಒಬ್ಬರು ಸಿಟ್ಟಿನಿಂದ ಬರೆದದ್ದಕ್ಕೆ ಅಳಬೇಡ. ಹಣ್ಣು ಕೆಟ್ಟಿದ್ದರೆ ವಾದ ಮಾಡದೆ ದುಡ್ಡು ವಾಪಸ್ ಕೊಡು.

ಕೊನೆಗೆ, ಬಿಡಿಸುವವರ ವಿಷಯ. ಬಿಸಿಲು ಕಾಲದಲ್ಲಿ ನಮ್ಮ ಹಳ್ಳಿಗಳ ಜಗಲಿ ಮೇಲೆ ಹೆಂಗಸರು ಕೂತು ಬಡಿದು, ಸಿಪ್ಪೆ ಹಾರಿಸಿ, ಬೀಜ ತೆಗೆದು ರಾಶಿ ಮಾಡುವುದು ನಿನಗೆ ಗೊತ್ತು. ಸಂಜೆಗೆ ಅವರ ಬೆರಳ ಸಂದು ಹುಳಿಗೆ ಉರಿಯುತ್ತಿರುತ್ತದೆ, ಕೂಲಿ ಮಾತ್ರ ಕೆಜಿ ಲೆಕ್ಕದಲ್ಲಿ. ನಿನ್ನ ವಿಡಿಯೊದಲ್ಲಿ ಅವರ ಕೈ ತೋರಿಸಿ ಮಾರುವುದಾದರೆ ಮಂಡಿಯ ಕೂಲಿಗಿಂತ ಹೆಚ್ಚು ಕೊಡಬೇಕು, ಅವರನ್ನು ಕೇಳಿಯೇ ತೋರಿಸಬೇಕು. ಮೇಲೆ ಹಾಕಿದ ಲೆಕ್ಕದಲ್ಲಿ ಆ 80ನ್ನು 90 ಮಾಡಿ ಮತ್ತೆ ಕೂಡಿ ನೋಡು. 150 ಸಾಲುವುದಿಲ್ಲವಾದರೆ ಬೆಲೆ 165 ಇಡು, ಯಾಕೆ ಎಂದು ಪೊಟ್ಟಣದ ಮೇಲೆ ಬರೆ. ಆ ನಾಲ್ಕು ಸಾಲು ಬರೆದು ನನಗೆ ಕಳಿಸು. ಅಚ್ಚಿಗೆ ಕೊಡುವ ಮೊದಲು ಒಂದು ಸಲ ನೋಡುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ
ಕೊಳಾಲ