ಕಾಣದ ಸೋಂಕು: ತರುಣರು ತಿಳಿದಿರಬೇಕಾದ ಕೆಲವು ಸಂಗತಿಗಳು

ಬಾಗಿಲು ಮುಚ್ಚಿದ ಕೋಣೆಯೊಳಕ್ಕೆ ಹೆಂಚಿನ ಸಂದಿನಿಂದ ಬಿಸಿಲುಕೋಲೊಂದು ಬಿದ್ದಾಗ ಅದರಲ್ಲಿ ಅಸಂಖ್ಯಾತ ಧೂಳಿನ ಕಣಗಳು ತೇಲಾಡುವುದನ್ನು ನೋಡದವರಾರು? ಕಿಟಕಿಗಳನ್ನೆಲ್ಲ ತೆರೆದು ಕೋಣೆಯಲ್ಲಿ ಬೆಳಕು ತುಂಬಿದೊಡನೆ ಆ ಕಣಗಳು ಮಾಯವಾಗುತ್ತವೆ. ಅವು ಎಲ್ಲಿಗೂ ಹೋಗಿರುವುದಿಲ್ಲ. ಅವುಗಳಿಂದ ಚದುರಿ ನಮ್ಮ ಕಣ್ಣಿಗೆ ಬರುವ ಅಲ್ಪ ಬೆಳಕು ಹಿನ್ನೆಲೆಯ ಪ್ರಖರ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ, ಅಷ್ಟೆ. ಭೌತವಿಜ್ಞಾನದ ಈ ಸರಳ ತತ್ವವೇ ಒಂದು ಭಯಂಕರ ರೋಗದ ಬೀಜಾಣುವನ್ನು ವೈದ್ಯರ ಕಣ್ಣಿಗೆ ಸುಲಭವಾಗಿ ಬೀಳುವಂತೆ ಮಾಡಿತು.

ಆ ರೋಗವೇ ಸಿಫಿಲಿಸ್. 16ನೆಯ ಶತಮಾನದಲ್ಲಿ ಭಾವಮಿಶ್ರನು ತನ್ನ ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿ ಇದನ್ನು ಫಿರಂಗ ರೋಗವೆಂದು ಕರೆದನು. ಫಿರಂಗಿಗಳ ನಾಡಿನಿಂದ ಬಂದುದೆಂಬುದು ಹೆಸರಿನ ಇಂಗಿತ. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದೂ, ಫ್ರೆಂಚರು ನೇಪಲ್ಸಿನವರ ರೋಗವೆಂದೂ ಕರೆಯುತ್ತಿದ್ದರು. ನಾಚಿಕೆಯ ರೋಗಕ್ಕೆ ಪಕ್ಕದ ಮನೆಯ ವಿಳಾಸವನ್ನು ಕೊಡುವುದು ಹೊಸ ಅಭ್ಯಾಸವೇನೂ ಅಲ್ಲ! 1905ರಲ್ಲಿ ಬರ್ಲಿನ್ ನಗರದಲ್ಲಿ ಷಾಡಿನ್ ಎಂಬ ಪ್ರಾಣಿವಿಜ್ಞಾನಿಯೂ ಹಾಫ್‌ಮನ್ ಎಂಬ ವೈದ್ಯನೂ ರೋಗಿಯ ಹುಣ್ಣಿನ ರಸದಲ್ಲಿ ತಿರುಪಿನಂತೆ ಸುರುಳಿಯಾದ ಸೂಕ್ಷ್ಮಜೀವಿಯೊಂದನ್ನು ಕಂಡರು. ಇದರ ಉದ್ದ 6ರಿಂದ 15 ಮೈಕ್ರಾನ್. ದಪ್ಪವಾದರೋ ಸುಮಾರು 0.2 ಮೈಕ್ರಾನ್ ಮಾತ್ರ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ಹಸಿರು ಬೆಳಕಿನ ತರಂಗದ ಉದ್ದವೇ ಸುಮಾರು 0.55 ಮೈಕ್ರಾನ್ ಆಗಿರುವಾಗ, ಅದಕ್ಕಿಂತಲೂ ತೆಳುವಾದ ಈ ಜೀವಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಬಣ್ಣಗಳನ್ನೂ ಅದು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಮರುವರ್ಷವೇ ಲ್ಯಾಂಡ್‌ಸ್ಟೈನರ್ (ರಕ್ತದ ಗುಂಪುಗಳನ್ನು ಕಂಡುಹಿಡಿದ ಮಹನೀಯನೇ ಈತ) ಮತ್ತು ಅವನ ಸಹೋದ್ಯೋಗಿ, ನೇರ ಬೆಳಕನ್ನು ತಡೆದು ಓರೆಯಾಗಿ ಮಾತ್ರ ಬೆಳಕು ಬೀಳುವಂತೆ ಮಾಡಿದ ಸೂಕ್ಷ್ಮದರ್ಶಕವನ್ನು ಬಳಸಿದರು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಿಯ ಎಳೆಗಳಂತೆ ಆ ಜೀವಿಗಳು ಹೊಳೆದವು.

ಇಂಥ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡಬಹುದೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಪಠ್ಯಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ಮಗುಚುವ ಉಪಾಧ್ಯಾಯರು ನಮ್ಮಲ್ಲಿ ಇನ್ನೂ ಇದ್ದಾರೆ. ಮನೆಯಲ್ಲಾದರೋ ಮಾತೆತ್ತುವವರಿಲ್ಲ. ಹೀಗಿರುವಲ್ಲಿ ತರುಣರಿಗೆ ಈ ವಿದ್ಯೆಯನ್ನು ಕಲಿಸುವವರು ಅರೆತಿಳಿದ ಗೆಳೆಯರು ಮಾತ್ರ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ವಿಷಯದಲ್ಲಿ ಇದರಿಂದ ಆಗುವ ಹಾನಿ ಬಹಳ. ಏತಕ್ಕೆಂದರೆ, ಈ ಸೋಂಕುಗಳ ಮುಖ್ಯ ಲಕ್ಷಣವೇ ಲಕ್ಷಣವಿಲ್ಲದಿರುವುದು.

ಸಿಫಿಲಿಸನ್ನೇ ನೋಡೋಣ. ಸೋಂಕು ತಗುಲಿದ ಸುಮಾರು 3 ವಾರಗಳ ಬಳಿಕ ಒಂದು ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಯಾವ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಪೀಡೆ ತೊಲಗಿತೆಂದು ರೋಗಿ ಸಂತೋಷಪಡುತ್ತಾನೆ. ಮುಂದೆ ಅಂಗೈ ಅಂಗಾಲುಗಳಲ್ಲಿ ಸಹ ಗಂದೆಗಳು ಕಾಣಿಸಿಕೊಳ್ಳಬಹುದು, ಅವೂ ಅಡಗುತ್ತವೆ. ಆಮೇಲೆ ವರ್ಷಗಟ್ಟಲೆ ಮೌನ. ಚಿಕಿತ್ಸೆ ಪಡೆಯದವರಲ್ಲಿ ಕೆಲವರಿಗೆ ಹತ್ತಾರು ವರ್ಷಗಳ ಅನಂತರ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೋ ಮೆದುಳೋ ಕೆಡುತ್ತದೆ. ಸೋಂಕುಳ್ಳ ತಾಯಿ ಗರ್ಭಿಣಿಯಾದರೆ ಶಿಶುವಿಗೂ ಅದು ತಗುಲಿ, ಗರ್ಭದಲ್ಲೇ ಮಗು ಮಡಿಯುವುದೂ ಉಂಟು. ಇಷ್ಟು ಕ್ರೂರವಾದ ರೋಗ 1943ರಿಂದೀಚೆಗೆ ಪೆನಿಸಿಲಿನ್ನಿಗೆ ಮಣಿಯುತ್ತ ಬಂದಿದೆ. ಆರಂಭದ ಹಂತದಲ್ಲಿ ವೈದ್ಯರು ಕೊಡುವ ಒಂದೇ ಚುಚ್ಚುಮದ್ದು ಸಾಮಾನ್ಯವಾಗಿ ಸಾಕು. ಆದರೆ ರೋಗವಿದೆಯೆಂದು ಮೊದಲು ತಿಳಿಯಬೇಕು. ಹುಣ್ಣು ಮಾಯ್ದ ಮೇಲೆ ಅದನ್ನು ತಿಳಿಸುವುದು ರಕ್ತಪರೀಕ್ಷೆಯೊಂದೇ.

ಕ್ಲಮಿಡಿಯವೆಂಬ ಮತ್ತೊಂದು ಸೋಂಕು ಇನ್ನೂ ಮೌನಿ. ಇದು ತಗುಲಿದ ಸ್ತ್ರೀಯರಲ್ಲಿ ಬಹುಪಾಲು ಮಂದಿಗೆ ಏನೂ ತೋರುವುದಿಲ್ಲ. ಅಷ್ಟರಲ್ಲಿ ಬೀಜಾಣುಗಳು ಮೇಲಕ್ಕೆ ಹರಡಿ ಅಂಡನಾಳಗಳಲ್ಲಿ ಉರಿಯೂತವನ್ನುಂಟುಮಾಡಿ ಅವುಗಳಲ್ಲಿ ಕಲೆಕಟ್ಟಿಸಬಹುದು. ನಾಳ ಮುಚ್ಚಿದರೆ ಬಂಜೆತನ. ಅರೆಮುಚ್ಚಿದರೆ ಗರ್ಭವು ನಾಳದಲ್ಲಿಯೇ ನಿಂತು ಪ್ರಾಣಾಪಾಯ. ಗೊನೊರಿಯ ಕೂಡ ಇದೇ ಹಾದಿ ಹಿಡಿಯುತ್ತದೆ. ಅದರ ಬೀಜಾಣುಗಳು ಸಲ್ಫಾ, ಪೆನಿಸಿಲಿನ್, ಟೆಟ್ರಸೈಕ್ಲಿನ್ ಎಂದು ಒಂದಾದ ಮೇಲೊಂದು ಔಷಧವನ್ನು ಸೋಲಿಸುತ್ತ ಬಂದಿರುವುದು ವೈದ್ಯರ ದೊಡ್ಡ ಚಿಂತೆ. ಈ ಮೂರರ ಜೊತೆಗೆ ಟ್ರಿಕೊಮೊನಾಸ್ ಸೋಂಕನ್ನೂ ಸೇರಿಸಿದರೆ, 2020ರಲ್ಲಿ ಪ್ರಪಂಚದಾದ್ಯಂತ 15ರಿಂದ 49 ವರ್ಷದವರಲ್ಲಿ 37 ಕೋಟಿಗೂ ಹೆಚ್ಚು ಹೊಸ ಸೋಂಕುಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಮನಿಸಿ, ಈ ನಾಲ್ಕೂ ವಾಸಿಯಾಗುವ ರೋಗಗಳು.

ಹದಿವಯಸ್ಸಿನವರಿಗೆ ಅಪಾಯ ಹೆಚ್ಚೆಂದು ಹೇಳಲು ಶಾರೀರಿಕ ಕಾರಣವೊಂದುಂಟು. ಗರ್ಭಾಶಯದ ಕೊರಳಿನ ಹೊರಭಾಗವನ್ನು ಪ್ರೌಢ ಸ್ತ್ರೀಯರಲ್ಲಿ ಹಲವು ಪದರಗಳ ಗಟ್ಟಿಯಾದ ಪೊರೆ ಮುಚ್ಚಿರುತ್ತದೆ. ಹದಿಹರೆಯದಲ್ಲಿ ಈ ಭಾಗದ ಬಹ್ವಂಶದಲ್ಲಿ ಒಂದೇ ಪದರದ ಕೋಮಲವಾದ ಜೀವಕೋಶಗಳು ತೆರೆದುಕೊಂಡಿರುತ್ತವೆ. ವಯಸ್ಸು ಮುಂದುವರಿದಂತೆ ಇವುಗಳ ಸ್ಥಾನವನ್ನು ಗಟ್ಟಿಪೊರೆ ಆಕ್ರಮಿಸುತ್ತದೆ. ಕ್ಲಮಿಡಿಯದಂಥ ಬೀಜಾಣುಗಳಿಗೆ ಆ ಒಂಟಿ ಪದರವೇ ಪ್ರಿಯವಾದ ನೆಲೆ. ಕೋಟೆಯ ಗೋಡೆ ಇನ್ನೂ ಏಳುತ್ತಿರುವಾಗಲೇ ಬಾಗಿಲು ತೆರೆದಂತೆ ಇದು. ಹುಡುಗರ ದೇಹದಲ್ಲಿ ಇಂಥ ವ್ಯತ್ಯಾಸವಿಲ್ಲವೆಂದು ಅವರು ನಿಶ್ಚಿಂತರಾಗಬೇಕಾಗಿಲ್ಲ. ಸೋಂಕನ್ನು ಹೊತ್ತು ತರುವುದರಲ್ಲಿ ಅವರ ಪಾಲು ಕಡಿಮೆಯದೇನಲ್ಲ.

ಇದೇ ಕೊರಳಿನಲ್ಲಿ ಹುಟ್ಟುವ ಕ್ಯಾನ್ಸರಿನ ಕತೆ ವಿಜ್ಞಾನದ ವಿದ್ಯಾರ್ಥಿಗೆ ಬಹಳ ಬೋಧಪ್ರದವಾದುದು. ಪ್ಯಾಪಿಲೋಮಾ ಎಂಬ ವೈರಸ್ಸುಗಳಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳ ಪೈಕಿ 16 ಮತ್ತು 18ನೆಯ ಬಗೆಗಳೆರಡೇ ಈ ಕ್ಯಾನ್ಸರಿನ ಸುಮಾರು ನೂರಕ್ಕೆ 70 ಪಾಲಿಗೆ ಕಾರಣವಾಗಿವೆ. ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವೈರಸ್ಸು ತಗುಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ನೆಲಸಿ, 15–20 ವರ್ಷಗಳ ಅನಂತರ ಕ್ಯಾನ್ಸರಾಗಿ ತಲೆಯೆತ್ತುತ್ತದೆ. ಭಾರತದಲ್ಲಿ 2022ರೊಂದರಲ್ಲೇ ಸುಮಾರು 80,000 ಸ್ತ್ರೀಯರು ಈ ಕ್ಯಾನ್ಸರಿನಿಂದ ಮಡಿದರೆಂದು ಅಂದಾಜು ಮಾಡಲಾಗಿದೆ.

ಇದಕ್ಕೆ ಲಸಿಕೆಯುಂಟು. ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ ತಯಾರಿಸಿದರೆ ಅದರ ತುಣುಕುಗಳು ತಾವಾಗಿ ಕೂಡಿಕೊಂಡು ಟೊಳ್ಳಾದ ಚೆಂಡುಗಳಾಗುತ್ತವೆ. ನೋಡಲು ವೈರಸ್ಸು, ಒಳಗೆ ಬರಿದು. ಸೋಂಕಿಸುವ ಶಕ್ತಿ ಕಿಂಚಿತ್ತೂ ಇಲ್ಲ. ದೇಹವು ಈ ಚೆಂಡುಗಳನ್ನು ಶತ್ರುವೆಂದು ಭಾವಿಸಿ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಆದರೆ ಸೋಂಕು ಒಳಹೊಕ್ಕ ಮೇಲೆ ಈ ಸಿದ್ಧತೆ ಕೆಲಸಕ್ಕೆ ಬಾರದು. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲಿಯೇ ತೋರಿಸಿತು: 12–13ನೆಯ ವಯಸ್ಸಿನಲ್ಲಿ ಲಸಿಕೆಯ ಅವಕಾಶ ದೊರೆತವರಲ್ಲಿ ಈ ಕ್ಯಾನ್ಸರು ನೂರಕ್ಕೆ 87ರಷ್ಟು ಇಳಿದಿತ್ತು, 14–16ರಲ್ಲಿ ದೊರೆತವರಲ್ಲಿ 62ರಷ್ಟು, 16–18ರಲ್ಲಿ ದೊರೆತವರಲ್ಲಿ ಕೇವಲ 34ರಷ್ಟು. ಅದೇ ಲಸಿಕೆ, ಅದೇ ದೇಶ. ವಯಸ್ಸು ಮಾತ್ರ ಬೇರೆ. ಆದುದರಿಂದ “ಇಷ್ಟು ಚಿಕ್ಕ ಹುಡುಗಿಗೆ ಇದೇಕೆ?” ಎಂದು ಕೇಳುವ ತಂದೆತಾಯಿಗಳಿಗೆ ಈ ಮೂರು ಅಂಕಿಗಳೇ ಉತ್ತರ. ಸಿಕ್ಕಿಂ ರಾಜ್ಯವು 2018ರಲ್ಲಿಯೇ ಶಾಲೆಗಳ ಮೂಲಕ ಹುಡುಗಿಯರಿಗೆ ಈ ಲಸಿಕೆಯನ್ನು ಹಾಕಿಸಿತು. 2022ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸ್ವದೇಶಿ ಲಸಿಕೆಗೂ ಅನುಮತಿ ದೊರೆತಿದೆ. ಅದನ್ನು ಹುಡುಗರಿಗೂ ಹಾಕಿಸಬಹುದು.

ಎಚ್.ಐ.ವಿ. ವಿಷಯವನ್ನು ವಾಚಕರು ಸಾಕಷ್ಟು ಕೇಳಿರುವರು. 1986ರಲ್ಲಿ ಅಂದಿನ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಭಾರತದಲ್ಲಿ ಅದನ್ನು ಮೊದಲು ಗುರುತಿಸಿದರು. ಅಂದು ಮರಣಶಾಸನವೆನಿಸಿದ್ದ ಈ ಸೋಂಕು ಇಂದು ದಿನನಿತ್ಯದ ಮಾತ್ರೆಗಳಿಂದ ಹತೋಟಿಯಲ್ಲಿರುತ್ತದೆ. ಮಾತ್ರೆಗಳಿಂದ ರಕ್ತದಲ್ಲಿ ವೈರಸ್ಸು ಅಳತೆಗೆ ಸಿಕ್ಕದಷ್ಟು ಇಳಿದು ಹಾಗೆಯೇ ಉಳಿದಿದ್ದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ. ಒಂದು ಸೂಕ್ಷ್ಮವನ್ನು ಮಾತ್ರ ನೆನಪಿಡಬೇಕು. ಸೋಂಕು ತಗುಲಿದ ಕೂಡಲೇ ಪರೀಕ್ಷೆ ಅದನ್ನು ತೋರಿಸದು. ಪರೀಕ್ಷೆಯ ಬಗೆಯನ್ನು ಅನುಸರಿಸಿ ಕೆಲವು ವಾರಗಳಿಂದ 3 ತಿಂಗಳವರೆಗೆ ಕಾಯಬೇಕಾಗುತ್ತದೆ. ಮರುದಿನದ ಪರೀಕ್ಷೆಯಲ್ಲಿ “ಇಲ್ಲ” ಎಂದು ಬಂದುದನ್ನು ನಂಬಿ ಮೆರೆಯುವುದು ತಿಳಿಗೇಡಿತನ.

ಇನ್ನು ತಡೆಯುವ ಬಗೆ. ಓದುವ ವಯಸ್ಸಿನಲ್ಲಿ ಲೈಂಗಿಕ ಸಂಪರ್ಕವನ್ನು ಮುಂದೂಡುವುದೇ ಅತ್ಯಂತ ಭದ್ರವಾದ ಮಾರ್ಗವೆಂಬುದರಲ್ಲಿ ಸಂಶಯವಿಲ್ಲ. ಗೆಳೆಯರ ಹುರುಪಿಗೋ ಒತ್ತಾಯಕ್ಕೋ ಮಣಿಯುವ ಅಗತ್ಯ ಯಾರಿಗೂ ಇಲ್ಲ. 18 ವರ್ಷ ತುಂಬದವರ ಸಮ್ಮತಿಯನ್ನು 2012ರ ಪೋಕ್ಸೊ ಕಾಯಿದೆ ಸಮ್ಮತಿಯೆಂದೇ ಎಣಿಸುವುದಿಲ್ಲ. ಆದರೆ ಉಪದೇಶವನ್ನಷ್ಟೇ ಮಾಡಿ ಉಪಾಯವನ್ನು ಮುಚ್ಚಿಡುವುದು ನಮಗೆ ಸರಿತೋರುವುದಿಲ್ಲ. ಇಂದಿನ ವಿದ್ಯಾರ್ಥಿಯೇ ನಾಳಿನ ಗೃಹಸ್ಥ. ಈ ತಿಳಿವಳಿಕೆ ಅವನಿಗೆ ಎಂದಾದರೂ ಬೇಕಾಗುವುದೇ.

ಕಾಂಡೋಮಿನ ರಬ್ಬರಿನಲ್ಲಿ ಸೂಕ್ಷ್ಮರಂಧ್ರಗಳಿದ್ದು ವೈರಸ್ಸು ನುಸುಳುತ್ತದೆಂಬ ವದಂತಿ ಹಬ್ಬಿದೆ. ಇದನ್ನು ಪರಿಶೀಲಿಸುವ ವಿಧಾನ ನಮ್ಮ ಶಾಸ್ತ್ರಕ್ಕೇ ಸೇರಿದುದು. ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಲೋಹದ ಅಚ್ಚಿಗೆ ತೊಡಿಸಿ ವಿದ್ಯುತ್ತಿನಿಂದ ಪರೀಕ್ಷಿಸುತ್ತಾರೆ. ರಬ್ಬರು ವಿದ್ಯುನ್ನಿರೋಧಕ, ಎಲ್ಲಿಯಾದರೂ ರಂಧ್ರವಿದ್ದರೆ ಅಲ್ಲಿ ವಿದ್ಯುತ್ತು ಹರಿಯುತ್ತದೆ, ಆ ಮಾದರಿಯನ್ನು ಬಿಸುಡುತ್ತಾರೆ. ಇದಲ್ಲದೆ ಆಯ್ದ ಕೆಲವಕ್ಕೆ ನೀರು ತುಂಬಿ ಸೋರಿಕೆಯನ್ನೂ, ಗಾಳಿ ತುಂಬಿ ಒಡೆಯುವ ಒತ್ತಡವನ್ನೂ ನೋಡುತ್ತಾರೆ. ಹರಿಯದ ಲೇಟೆಕ್ಸ್ ಪೊರೆ ಎಚ್.ಐ.ವಿ.ಯನ್ನು ದಾಟಗೊಡುವುದಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಆದರೆ ಕೊಬ್ಬರಿ ಎಣ್ಣೆ, ವ್ಯಾಸಲೀನುಗಳು ತಗುಲಿದರೆ ಅದೇ ಲೇಟೆಕ್ಸು ಕೆಲವೇ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ಬಿಸಿಲು, ಸೆಕೆಗಳೂ ಅದಕ್ಕೆ ಹಗೆ. ಮುಚ್ಚದೆ ಉಳಿದ ಚರ್ಮದ ಮೂಲಕ ಹರಡಬಲ್ಲ ಪ್ಯಾಪಿಲೋಮಾ, ಹರ್ಪಿಸ್, ಸಿಫಿಲಿಸ್‌ಗಳ ವಿಷಯದಲ್ಲಿ ಅದರ ರಕ್ಷಣೆ ಪೂರ್ಣವಲ್ಲವೆಂಬುದನ್ನೂ ಹೇಳಬೇಕು. ಗರ್ಭನಿರೋಧಕ ಗುಳಿಗೆಗಳಾದರೋ ಯಾವ ಸೋಂಕನ್ನೂ ತಡೆಯುವುದಿಲ್ಲ.

ಬಸ್ ನಿಲ್ದಾಣದ ಗೋಡೆಗಳ ಮೇಲೆ “ಗುಪ್ತರೋಗಗಳಿಗೆ ಶರ್ತಿಯಾಗಿ ಚಿಕಿತ್ಸೆ” ಎಂಬ ಭಿತ್ತಿಪತ್ರಗಳನ್ನು ಎಲ್ಲರೂ ಕಂಡಿರುವರು. ನಿದ್ರೆಯಲ್ಲಿ ವೀರ್ಯ ಹೋಗುವುದು ರೋಗವೇ ಅಲ್ಲ. ಅದನ್ನು ರೋಗವೆಂದು ಹೆದರಿಸಿ ಹಣ ಕೀಳುವುದೇ ಇವರ ಕಸಬು. ನಿಜವಾದ ಸೋಂಕಿದ್ದವನಿಗೆ ಇವರ ಲೇಹ್ಯದಿಂದ ಅಮೂಲ್ಯವಾದ ಕಾಲ ಕಳೆಯುತ್ತದೆ. ಔಷಧದ ಅಂಗಡಿಯಲ್ಲಿ ಯಾವುದೋ ಮಾತ್ರೆ ಕೇಳಿ ನುಂಗುವುದೂ ಅಷ್ಟೇ ಕೆಟ್ಟದು. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ಕುಗಳುಂಟು. ಹದಿಹರೆಯದವರಿಗಾಗಿ ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ಕುಗಳಿವೆ. ಎಚ್.ಐ.ವಿ. ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾಯಿದೆ ವಿಧಿಸಿದೆ. 18 ವರ್ಷದೊಳಗಿನವರಿಗೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕಾಗುವುದರಿಂದ, ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರಿಗೆ ವಿಷಯವನ್ನು ತಿಳಿಸುವುದು ಲೇಸು. 1097 ಎಂಬ ದೂರವಾಣಿ ಸಂಖ್ಯೆಯಲ್ಲಿ ಹೆಸರು ಹೇಳದೆಯೂ ಸಲಹೆ ಕೇಳಬಹುದು.

ಯಾರಾದರೂ ಬಲಾತ್ಕಾರಕ್ಕೆ ಒಳಗಾಗಿದ್ದರೆ ತಪ್ಪು ಅವರದಲ್ಲ. ಯಾವ ಆಸ್ಪತ್ರೆಯೂ ಅವರಿಗೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಮಕ್ಕಳ ಸಹಾಯಕ್ಕೆ 1098 ಸಂಖ್ಯೆ ಇದೆ. ಎಚ್.ಐ.ವಿ. ತಗುಲಿರಬಹುದೆಂಬ ಶಂಕೆಯಿದ್ದಲ್ಲಿ ಅದನ್ನು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿಯೇ ಆರಂಭಿಸಿದರೆ ಫಲ ಹೆಚ್ಚು; ನಾಳೆ ಹೇಳೋಣವೆಂದು ರಾತ್ರಿಯೆಲ್ಲ ಮರುಗುತ್ತ ಕೂರದೆ ಆಗಲೇ ಆಸ್ಪತ್ರೆಗೆ ಹೋಗತಕ್ಕದ್ದು.