ವಸಂತದ ಗುಡುಗುಮಳೆ ಮತ್ತು ವಾರದ ಮುನ್ನೋಟ

ಮಾರ್ಚ್ ತಿಂಗಳಿಂದ ಮೇ ತಿಂಗಳ ಕೊನೆಯವರೆಗೆ ಕರ್ನಾಟಕದ ಒಳನಾಡಿನಲ್ಲಿ ಬೀಳುವ ಮಳೆಗೆ ಒಂದು ವಿಶೇಷ ಲಕ್ಷಣವುಂಟು. ಬೆಳಗ್ಗೆ ಆಕಾಶವು ನಿರ್ಮಲವಾಗಿರುವುದು. ಮಧ್ಯಾಹ್ನ ಬಿಸಿಲು ಸುಡುವುದು. ಸಂಜೆಯ ಹೊತ್ತಿಗೆ ಕರಿಮೋಡವು ಕವಿದು, ಗಾಳಿ ಬೀಸಿ, ಗುಡುಗು ಮಿಂಚುಗಳೊಡನೆ ಮಳೆ ಸುರಿದು, ರಾತ್ರಿ ಮತ್ತೆ ನಕ್ಷತ್ರಗಳು ಕಾಣಿಸುವುವು. ಒಂದು ಊರಿನಲ್ಲಿ ಹಳ್ಳ ಹರಿದರೆ, ಎರಡು ಹರದಾರಿ ದೂರದ ಇನ್ನೊಂದು ಊರಿನಲ್ಲಿ ಧೂಳು ಕೂಡ ನೆನೆದಿರುವುದಿಲ್ಲ. ಇದನ್ನು ಬಯಲುಸೀಮೆಯವರು ಮಾವಿನ ಮಳೆಯೆಂದೂ, ಕಾಫಿ ತೋಟಗಳವರು ಹೂಮಳೆಯೆಂದೂ ಕರೆಯುವರು. ಇಂತಹ ಮಳೆಯನ್ನು ಒಂದು ವಾರ ಮುಂಚಿತವಾಗಿ ಹೇಳುವುದು ಸಾಧ್ಯವೇ? ಸಾಧ್ಯವಾದರೆ ಎಷ್ಟರ ಮಟ್ಟಿಗೆ? ಈ ಲೇಖನದಲ್ಲಿ ಅದನ್ನು ವಿಚಾರಮಾಡೋಣ.

ಈ ಪ್ರಶ್ನೆಯು ಕೇವಲ ಕುತೂಹಲಕ್ಕೆ ಸಂಬಂಧಿಸಿದುದಲ್ಲ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಗಿಡಗಳಲ್ಲಿ ಮೊಗ್ಗುಗಳು ಚಳಿಗಾಲದ ಒಣಹವೆಯಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ ಸುಪ್ತವಾಗಿರುವುವು. ಸುಮಾರು ೨೫ ಮಿಲಿಮೀಟರ್, ಎಂದರೆ ಒಂದು ಅಂಗುಲ, ಮಳೆ ಬಿದ್ದೊಡನೆ ಅವು ಎಚ್ಚರಗೊಂಡು, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವುದು. ಹೂವು ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗಸ್ಪರ್ಶಕ್ಕೆ ಅಡ್ಡಿಯಾಗುವುದು. ಮೊದಲ ಮಳೆಯ ತರುವಾಯ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಹೀಗೆ ಒಂದು ವರ್ಷದ ಫಸಲು ನಾಲ್ಕಾರು ದಿನಗಳ ಹವೆಯನ್ನು ನೆಚ್ಚಿಕೊಂಡಿದೆ. ಮಳೆಗಾಗಿ ಕಾಯಬೇಕೇ, ಇಲ್ಲವೇ ಸ್ಪ್ರಿಂಕ್ಲರ್ ಹಾಕಿ ನೀರು ಹಾರಿಸಬೇಕೇ ಎಂಬುದು ಬೆಳೆಗಾರನ ಮುಂದೆ ಪ್ರತಿವರ್ಷವೂ ನಿಲ್ಲುವ ಪ್ರಶ್ನೆ.

ತೇವವು ಎಲ್ಲಿಂದ ಬರುವುದು?

ಮಳೆಗೆ ಮೊದಲು ಬೇಕಾದುದು ನೀರಿನ ಆವಿ. ಈ ಋತುವಿನಲ್ಲಿ ಅರಬ್ಬೀ ಸಮುದ್ರದ ಮೇಲೊಂದು, ಬಂಗಾಳ ಕೊಲ್ಲಿಯ ಮೇಲೊಂದು ಅಧಿಕ ಒತ್ತಡದ ಪ್ರದೇಶಗಳು ನೆಲೆಸಿರುವುವು. ಉತ್ತರಾರ್ಧ ಗೋಳದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿಯು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವುದು. ಆದುದರಿಂದ ಪರ್ಯಾಯದ್ವೀಪದ ಪಶ್ಚಿಮ ಭಾಗಕ್ಕೆ ವಾಯುವ್ಯದಿಂದ ಬೀಸುವ, ಹೋಲಿಕೆಯಲ್ಲಿ ಒಣಗಿದ ಗಾಳಿಯೂ, ಪೂರ್ವ ಭಾಗಕ್ಕೆ ದಕ್ಷಿಣ ಮತ್ತು ಆಗ್ನೇಯಗಳಿಂದ ಬೀಸುವ ತೇವದ ಗಾಳಿಯೂ ಬರುವುವು. ಇವೆರಡೂ ಸಂಧಿಸುವ ಗೆರೆಯು ಸಾಮಾನ್ಯವಾಗಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ, ಸಮುದ್ರಮಟ್ಟದಿಂದ ಸುಮಾರು ೧ ಕಿಲೋಮೀಟರ್ ಎತ್ತರದಲ್ಲಿ, ಉತ್ತರ ದಕ್ಷಿಣವಾಗಿ ಹಾಯ್ದಿರುವುದು. ಭಾರತೀಯ ಹವಾಮಾನ ಇಲಾಖೆಯ ವರದಿಗಳಲ್ಲಿ ಬರುವ “ಗಾಳಿಯ ವಿಚ್ಛಿನ್ನತೆ” ಎಂಬ ಮಾತು ಈ ಗೆರೆಯನ್ನೇ ಸೂಚಿಸುವುದು. ಗೆರೆಯ ನೆರೆಯಲ್ಲಿ ಗಾಳಿಗಳು ಒಂದನ್ನೊಂದು ಒತ್ತಿ ಮೇಲೇಳುವುವು. ಗುಡುಗುಮಳೆಗೆ ಅಲ್ಲಿಯೇ ಅನುಕೂಲ ಹೆಚ್ಚು. ಗೆರೆಯು ಪೂರ್ವಕ್ಕೋ ಪಶ್ಚಿಮಕ್ಕೋ ಸರಿದರೆ ಮಳೆಯ ವಲಯವೂ ಅದರೊಡನೆ ಸರಿಯುವುದು.

ಮೋಡವು ಹುಟ್ಟುವ ಎತ್ತರ

ಮೇಲೇರುವ ಗಾಳಿಯು ಹಿಗ್ಗುವುದರಿಂದ ತಣ್ಣಗಾಗುವುದು. ಆವಿಯು ನೀರಾಗುವ ಮೊದಲು ಪ್ರತಿ ಕಿಲೋಮೀಟರಿಗೆ ಸುಮಾರು ೯.೮ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುವುದು. ಯಾವ ಉಷ್ಣತೆಯಲ್ಲಿ ಗಾಳಿಯು ಆವಿಯಿಂದ ಪರ್ಯಾಪ್ತವಾಗುವುದೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು ೧೨೫ರಿಂದ ಗುಣಿಸಿದರೆ, ಮೋಡದ ತಳವು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿರುವುದೆಂಬುದು ಸ್ಥೂಲವಾಗಿ ದೊರಕುವುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಮಧ್ಯಾಹ್ನದ ಉಷ್ಣತೆ ೩೪ ಡಿಗ್ರಿ, ಇಬ್ಬನಿ ಬಿಂದು ೧೮ ಡಿಗ್ರಿ ಎಂದು ಭಾವಿಸಿದರೆ, ಅಂತರ ೧೬. ಮೋಡದ ತಳವು ೨,೦೦೦ ಮೀಟರ್ ಎತ್ತರದಲ್ಲಿರುವುದು. ಬಿಸಿಲು ಅಷ್ಟೇ ಇದ್ದು ಇಬ್ಬನಿ ಬಿಂದುವು ೬ ಡಿಗ್ರಿಗೆ ಇಳಿದರೆ, ಅಂತರ ೨೮. ಮೋಡದ ತಳವು ೩,೫೦೦ ಮೀಟರ್. ಅಷ್ಟು ಎತ್ತರದಿಂದ ಬೀಳುವ ಹನಿಗಳಲ್ಲಿ ಬಹುಪಾಲು ಒಣಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗಿಬಿಡುವುವು. “ಬಿಸಿಲು ಹೆಚ್ಚಾಯಿತು, ಸಂಜೆ ಮಳೆ ಖಂಡಿತ” ಎಂಬ ಮಾತು ಅರ್ಧ ಸತ್ಯವೆಂಬುದು ಇದರಿಂದ ಸ್ಪಷ್ಟವಾಗುವುದು. ಬಿಸಿಲು ಗಾಳಿಯನ್ನು ಎತ್ತಬಲ್ಲುದು; ತೇವವನ್ನು ಮಾತ್ರ ಕಡಲಿನ ಗಾಳಿಯೇ ತರಬೇಕು.

ಆವಿಯು ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುವುದು. ಈ ಶಾಖವೇ ಮೋಡವನ್ನು ಇನ್ನೂ ಮೇಲಕ್ಕೆ ನೂಕುವ ಶಕ್ತಿ. ಒಂದು ಹೆಕ್ಟೇರ್ ನೆಲದ ಮೇಲೆ ೨೫ ಮಿಲಿಮೀಟರ್ ಮಳೆಯೆಂದರೆ ೨೫೦ ಘನ ಮೀಟರ್, ಎಂದರೆ ಎರಡೂವರೆ ಲಕ್ಷ ಕಿಲೋಗ್ರಾಂ ನೀರು. ಕಿಲೋಗ್ರಾಂ ಒಂದಕ್ಕೆ ಸುಮಾರು ೨೫ ಲಕ್ಷ ಜೂಲ್‌ನಂತೆ ಲೆಕ್ಕಹಾಕಿದರೆ ಬಿಡುಗಡೆಯಾದ ಶಾಖವು ೬೨,೫೦೦ ಕೋಟಿ ಜೂಲ್. ನಮ್ಮ ಮನೆಯ ವಿದ್ಯುತ್ ಮೀಟರಿನ ಭಾಷೆಯಲ್ಲಿ ಇದು ಸುಮಾರು ೧,೭೦,೦೦೦ ಯೂನಿಟ್. ಒಂದು ಹೆಕ್ಟೇರಿಗೇ ಇಷ್ಟಾದರೆ, ಗುಡುಗುಮೋಡವು ಮರಗಳನ್ನು ಕೆಡಹುವುದರಲ್ಲಿ ಆಶ್ಚರ್ಯವೇನು?

ಮುನ್ನೋಟದ ಮಿತಿ

ಇಷ್ಟು ಭೌತವಿಜ್ಞಾನವು ತಿಳಿದಿರುವಾಗ, ಮುಂದಿನ ಬುಧವಾರ ಯಾವ ಹಳ್ಳಿಯಲ್ಲಿ ಮಳೆ ಬೀಳುವುದೆಂದು ಏಕೆ ಹೇಳಲಾಗದು? ವಾಯುಮಂಡಲದ ಸಮೀಕರಣಗಳನ್ನು ಅಂಕಗಳಿಂದ ಬಿಡಿಸುವ ಮಾರ್ಗವನ್ನು ಇಂಗ್ಲೆಂಡಿನ ರಿಚರ್ಡ್‌ಸನ್ನರು ೧೯೨೨ರಲ್ಲಿಯೇ ಪ್ರಕಟಿಸಿದರು. ೧೯೫೦ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರವು ಅಂತಹ ಲೆಕ್ಕವನ್ನು ಮೊದಲಬಾರಿಗೆ ಮಾಡಿ ತೋರಿಸಿತು. ಆದರೆ ೧೯೬೧ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿಯು ಒಂದು ವಿಚಿತ್ರವನ್ನು ಕಂಡರು. ಗಣಕಕ್ಕೆ ೦.೫೦೬೧೨೭ ಎಂಬ ಸಂಖ್ಯೆಯ ಬದಲು ೦.೫೦೬ ಎಂದು ಕೊಟ್ಟಾಗ, ಮೊದಮೊದಲು ಒಂದೇ ಆಗಿದ್ದ ಹವೆಯ ಲೆಕ್ಕವು ಕ್ರಮೇಣ ಸಂಪೂರ್ಣವಾಗಿ ಬೇರೆಯಾಯಿತು. ಇದರ ತತ್ತ್ವವನ್ನು ಅವರು ೧೯೬೩ರಲ್ಲಿ ಪ್ರಕಟಿಸಿದರು. ಇಂದಿನ ಹವೆಯ ಅಳತೆಯಲ್ಲಿ ಉಳಿಯುವ ಅತ್ಯಲ್ಪ ದೋಷವೂ ದಿನದಿಂದ ದಿನಕ್ಕೆ ಬೆಳೆಯುವುದು.

ಇದಕ್ಕೆ ಪರಿಹಾರವಾಗಿ ಯೂರೋಪ್ ಮತ್ತು ಅಮೆರಿಕಗಳ ಮುನ್ಸೂಚನಾ ಕೇಂದ್ರಗಳು ೧೯೯೨ರಿಂದ ಒಂದು ಲೆಕ್ಕಕ್ಕೆ ಬದಲಾಗಿ, ಆರಂಭದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸವಿರುವ ಹಲವು ಲೆಕ್ಕಗಳನ್ನು ಮಾಡತೊಡಗಿದುವು. ಐವತ್ತು ಲೆಕ್ಕಗಳಲ್ಲಿ ಮೂವತ್ತೈದು ಮಳೆಯನ್ನು ತೋರಿಸಿದರೆ, ಮಳೆಯ ಸಂಭವವು ಸುಮಾರು ಶೇಕಡ ೭೦ ಎನ್ನಬಹುದು. ಭಾರತದಲ್ಲಿ ೨೦೨೫ರಲ್ಲಿ ಬಳಕೆಗೆ ಬಂದ “ಭಾರತ್” ಮುನ್ಸೂಚನಾ ವ್ಯವಸ್ಥೆಯು ನೆಲವನ್ನು ೬ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸುವುದು. ಆದರೆ ಒಂದು ಒಂಟಿ ಗುಡುಗುಮೋಡದ ಅಗಲವೇ ೫–೧೦ ಕಿಲೋಮೀಟರ್. ಅದರ ಆಯುಷ್ಯ ಒಂದು ಗಂಟೆಯೊಳಗೆ. ಆದುದರಿಂದ ಎರಡು ಗಾಳಿಗಳು ಸಂಧಿಸುವ ಗೆರೆಯ ಚಲನೆಯನ್ನು ಕೆಲವು ದಿನ ಮುಂಚಿತವಾಗಿ ತಿಳಿಯಬಹುದೇ ಹೊರತು, ಮೋಡವು ಇಂಥ ತೋಟದ ಮೇಲೆಯೇ ಒಡೆಯುವುದೆಂದು ತಿಳಿಯಲಾಗದು.

ವರದಿಯ ಮಾತುಗಳ ಅರ್ಥ

ಇಲಾಖೆಯು ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ಮಾಡಿದೆ. ವರದಿಯಲ್ಲಿ “ಒಂದೆರಡು ಕಡೆ” ಎಂದರೆ ಆ ಭಾಗದ ಕೇಂದ್ರಗಳಲ್ಲಿ ಶೇಕಡ ೨೫ರವರೆಗೆ ಮಳೆಯಾಗುವುದೆಂದೂ, “ಕೆಲವು ಕಡೆ” ಎಂದರೆ ೨೬ರಿಂದ ೫೦ರವರೆಗೆ, “ಹಲವು ಕಡೆ” ಎಂದರೆ ೫೧ರಿಂದ ೭೫ರವರೆಗೆ, “ಬಹುತೇಕ ಕಡೆ” ಎಂದರೆ ಅದಕ್ಕೂ ಮೇಲೆಂದೂ ತಿಳಿಯಬೇಕು. “ಒಂದೆರಡು ಕಡೆ ಮಳೆ” ಎಂಬ ವರದಿ ಬಂದ ದಿನ ನಮ್ಮ ಊರು ಒಣಗಿದ್ದರೆ ವರದಿಯು ಸುಳ್ಳಾಯಿತೆಂದಲ್ಲ. ಇನ್ನೂ ಒಂದು ಸಂಗತಿಯುಂಟು. ೨.೫ ಮಿಲಿಮೀಟರ್ ಬಿದ್ದರೂ ಅದು ಮಳೆಯ ದಿನವೆಂದೇ ಗಣನೆಗೆ ಬರುವುದು. ಕಾಫಿಯ ಮೊಗ್ಗಿಗೆ ಅದರ ಹತ್ತರಷ್ಟು ಬೇಕು.

ಸಂಭವದಿಂದ ನಿರ್ಧಾರಕ್ಕೆ ಹೋಗುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ತೋಟಕ್ಕೆ ನೀರು ಹಾರಿಸಲು ೧೦,೦೦೦ ರೂಪಾಯಿ ಖರ್ಚು. ನೀರೂ ಇಲ್ಲದೆ ಮಳೆಯೂ ಬಾರದಿದ್ದರೆ ೫೦,೦೦೦ ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿರಿ. ಸಾಕಷ್ಟು ಮಳೆಯ ಸಂಭವವು ಶೇಕಡ ೭೦ ಇದ್ದರೆ, ಬಾರದಿರುವ ಸಂಭವ ೩೦. ಕಾಯುವವನ ಸರಾಸರಿ ನಷ್ಟವು ೫೦,೦೦೦ದ ಶೇಕಡ ೩೦, ಎಂದರೆ ೧೫,೦೦೦. ಇದು ಖರ್ಚಿಗಿಂತ ಹೆಚ್ಚು. ಆದುದರಿಂದ ನೀರು ಹಾರಿಸುವುದೇ ವಿವೇಕ. ಸಂಭವವು ೯೦ ಆದರೆ ಸರಾಸರಿ ನಷ್ಟ ೫,೦೦೦ ಮಾತ್ರ. ಆಗ ಕಾಯುವುದು ಲೇಸು. ಮಳೆ ಬರುವ ಸಂಭವವೇ ಹೆಚ್ಚಾಗಿದ್ದರೂ ಮಳೆಯನ್ನು ನೆಚ್ಚಬಾರದ ಸಂದರ್ಭವುಂಟೆಂಬುದು ಗಮನಾರ್ಹ. ಹಸಿ ಇಟ್ಟಿಗೆಯನ್ನು ಒಣಗಲು ಹಾಕಿದವನಿಗಾದರೋ ಶೇಕಡ ೩೦ರ ಸಂಭವವೇ ಹೊದಿಕೆ ಹೊದಿಸಲು ಸಾಕಾದೀತು.

ನಮ್ಮ ರೈತರ ಅಶ್ವಿನಿ, ಭರಣಿ ಮಳೆಗಳ ಲೆಕ್ಕವು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು ಅನುಸರಿಸಿದುದು. ಅದು ಋತುವಿನ ವಾಡಿಕೆಯನ್ನು ಹೇಳುವುದು. ವಾರದ ಮುನ್ನೋಟವು ಈ ವರ್ಷದ ಗಾಳಿಯ ಸ್ಥಿತಿಯನ್ನು ಹೇಳುವುದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ವಿದ್ಯಾರ್ಥಿಗಳು ಈ ವಿಷಯದಲ್ಲಿ ತಾವೇ ಪರೀಕ್ಷೆ ನಡೆಸಬಹುದು. ಒಂದು ಪುಸ್ತಕದಲ್ಲಿ ಪ್ರತಿದಿನವೂ ತಮ್ಮ ಊರಿಗೆ ಹೇಳಿದ ಮಳೆಯ ಸಂಭವವನ್ನೂ, ನಿಜವಾಗಿ ಮಳೆ ಬಂದಿತೇ ಇಲ್ಲವೇ ಎಂಬುದನ್ನೂ ಬರೆದಿಡಲಿ. ಶೇಕಡ ೬೦ ಎಂದು ಹೇಳಿದ ದಿನಗಳನ್ನೆಲ್ಲ ಕೂಡಿಸಿದಾಗ, ಅವುಗಳಲ್ಲಿ ಹತ್ತಕ್ಕೆ ಆರರಷ್ಟು ದಿನ ಮಳೆ ಬಂದಿದ್ದರೆ ಮುನ್ಸೂಚನೆಯು ಪ್ರಾಮಾಣಿಕವಾದುದು. ಒಂದೇ ದಿನದ ಫಲದಿಂದ ಅದನ್ನು ಹೊಗಳುವುದೂ ತೆಗಳುವುದೂ ಸರಿಯಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲಿನ ದೂರವು ಕಿಲೋಮೀಟರುಗಳಲ್ಲಿ ದೊರಕುವುದು. ಎಣಿಕೆಯು ಮೂವತ್ತಕ್ಕಿಂತ ಕಡಿಮೆಯಾದರೆ ಬಯಲನ್ನೂ ಒಂಟಿಮರದ ಬುಡವನ್ನೂ ಬಿಟ್ಟು ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಸಿಡಿಲು ಎಲ್ಲಿ ಎರಗುವುದೆಂದು ಯಾವ ಗಣಕಯಂತ್ರವೂ ಮೊದಲೇ ಹೇಳಲಾರದು. ಆದರೆ ಈ ಎಣಿಕೆಗೆ ಯಂತ್ರವೇ ಬೇಕಾಗಿಲ್ಲ.